ಆಪ್ತರಿಲ್ಲದವರ ಅಂತ್ಯಕಾಲ: ‘ಸಮಾರಿತಾನುಸ್ ಬೋನುಸ್’ ಪತ್ರದ ಒಂದು ವಿಮರ್ಶೆ

ಮರಣಾಸನ್ನರ ಆರೈಕೆಯನ್ನು ಕುರಿತು ರೋಮಿನ ವಿಶ್ವಾಸ ತತ್ವಗಳ ಪೀಠವು 2020ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ‘ಸಮಾರಿತಾನುಸ್ ಬೋನುಸ್’ ಪತ್ರವು ಧರ್ಮಸಭೆಯ ಬೋಧನೆಯನ್ನು ಒಂದೆಡೆ ಸ್ಪಷ್ಟವಾಗಿ ನಿರೂಪಿಸಿದೆ. ಅದು ದಯಾಮರಣವನ್ನು ನಿರಾಕರಿಸುತ್ತದೆ. ಫಲವಿಲ್ಲದ ಅತಿಚಿಕಿತ್ಸೆಯನ್ನು ಕೈಬಿಡಬಹುದೆನ್ನುತ್ತದೆ. ನೋವನ್ನು ಶಮನಗೊಳಿಸುವ ಆರೈಕೆಯನ್ನು ಎತ್ತಿಹಿಡಿಯುತ್ತದೆ. ಶಿಲುಬೆಯ ಬಳಿ ಇದ್ದವರೆಲ್ಲರೂ ಕ್ರಿಸ್ತರೊಡನೆ ಉಳಿದವರಲ್ಲ ಎಂಬ ಧ್ಯಾನವು ಪತ್ರದ ಹೃದಯಭಾಗ. ಆದರೆ ಕುಟುಂಬಕ್ಕೆ ಕೇಂದ್ರಸ್ಥಾನ ನೀಡುವ ಈ ಪತ್ರವು, ಕುಟುಂಬವೇ ಇಲ್ಲದವರ ಪರವಾಗಿ ಯಾರು ಮಾತನಾಡಬೇಕೆಂಬುದನ್ನು ಬಿಡಿಸಿ ಹೇಳುವುದಿಲ್ಲ.

ಕೊಪ್ಪಳ ಜಿಲ್ಲೆಯಲ್ಲಿ ಈ ಕೊರತೆಯನ್ನು ಕಡೆಗಣಿಸಲಾಗದು. ಗಂಗಾವತಿಗೆ ತುಂಗಭದ್ರೆಯ ಕಾಲುವೆಯ ನೀರುಂಟು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ಸೀಮೆಯಿಂದ ದುಡಿಯುವವರು ಗುಳೆ ಹೋಗುತ್ತಾರೆ, ಮುಪ್ಪಿನವರು ಊರಲ್ಲೇ ಉಳಿಯುತ್ತಾರೆ. ಮಕ್ಕಳಿಲ್ಲದವರಿಗೆ, ಇದ್ದ ಮಕ್ಕಳನ್ನೂ ಕಳೆದುಕೊಂಡವರಿಗೆ ವೃದ್ಧಾಶ್ರಮವೇ ಕೊನೆಯ ಮನೆ.

ಅಂಥವರ ಅಂತ್ಯಕಾಲದ ಚಿಕಿತ್ಸೆಯ ನಿರ್ಧಾರ ಇಂದು ಕಾನೂನಿನ ವಿಷಯವೂ ಹೌದು. ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯಮಾಡಿ 2023ರಲ್ಲಿ ಸರಳಗೊಳಿಸಿದ ಕ್ರಮವನ್ನು ಕರ್ನಾಟಕದ ಆರೋಗ್ಯ ಇಲಾಖೆಯು 2025ರ ಜನವರಿ 30ರ ಸುತ್ತೋಲೆಯ ಮೂಲಕ ಜಾರಿಗೆ ತಂದಿತು. ಅದರಂತೆ, ಅರಿವಿರುವಾಗಲೇ ಇಬ್ಬರು ಸಾಕ್ಷಿಗಳ ಮುಂದೆ ಮುಂಗಡ ನಿರ್ದೇಶನವನ್ನು ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ತಮ್ಮ ಪರವಾಗಿ ನಿರ್ಧರಿಸುವ ಆಪ್ತರ ಹೆಸರನ್ನೂ ಅದರಲ್ಲಿ ಸೂಚಿಸಬೇಕು. ಆಪ್ತರೇ ಇಲ್ಲದವರು ಆ ಸಾಲಿನಲ್ಲಿ ಯಾರ ಹೆಸರನ್ನು ಬರೆಯಬೇಕು?

ಪತ್ರದ ಶೀರ್ಷಿಕೆಯಾದ ಸಾಮತಿಯಲ್ಲೇ ಉತ್ತರವಿದೆ. ಸಮಾರಿತನು ಗಾಯಾಳುವನ್ನು ಛತ್ರಕ್ಕೆ ಸೇರಿಸಿ ಎರಡು ನಾಣ್ಯ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಹೆಚ್ಚು ಖರ್ಚಾದರೆ ಮರಳಿ ಬಂದಾಗ ಕೊಡುವೆನೆಂದು ಹೊಣೆ ಹೊತ್ತನು (ಲೂಕ 10:35). ಗಾಯಾಳುವಿಗೆ ಅವನು ರಕ್ತಸಂಬಂಧಿಯೇನಲ್ಲ. ನಮ್ಮ ಧರ್ಮಕೇಂದ್ರಗಳು ವೃದ್ಧಾಶ್ರಮಗಳಿಗೆ ಹಬ್ಬದ ದಿನ ಹಣ್ಣು ಹಂಚಿ ಬರುತ್ತವೆ. ಅದು ಎರಡು ನಾಣ್ಯದ ಸೇವೆ. ಮರಳಿ ಬರುವೆನೆಂಬ ಮಾತು ಇನ್ನೂ ಬಾಕಿಯಿದೆ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಆಶ್ರಮದ ಖರ್ಚುವೆಚ್ಚ ನೋಡುವವರೇ ನಿವಾಸಿಯ ಪರವಾಗಿ ಚಿಕಿತ್ಸೆಯ ನಿರ್ಧಾರ ಮಾಡಬಾರದು. ಹಣದ ಚಿಂತೆಯು ವಿವೇಕವನ್ನು ಮಬ್ಬಾಗಿಸೀತು. ಆದುದರಿಂದ ಆ ಹೆಸರು ಹೊರಗಿನ ಶ್ರೀಸಾಮಾನ್ಯ ವಿಶ್ವಾಸಿಯದಾಗಿರುವುದು ಲೇಸು. ಎರಡನೆಯದಾಗಿ, ನಿವಾಸಿಗಳಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಕ್ರೈಸ್ತರಿಗೆ ರೋಗಿಗಳ ಅಭ್ಯಂಗವೂ ಪರಮಪ್ರಸಾದವೂ ಅರಿವು ಮಾಸುವ ಮುನ್ನವೇ ದೊರೆಯಬೇಕು. ಲಿಂಗಾಯತ ಅಜ್ಜಿಗೆ ಅವರ ಸಂಪ್ರದಾಯದಂತೆಯೇ ಮಣ್ಣು ದೊರೆಯಬೇಕು. ಅವರ ದೌರ್ಬಲ್ಯವು ನಮ್ಮ ಮತಬೋಧನೆಗೆ ಸಿಕ್ಕ ಸಂದರ್ಭವಲ್ಲ.

ಪತ್ರದ ಬೋಧನೆಯನ್ನು ತಿದ್ದಬೇಕಾಗಿಲ್ಲ, ಮುಂದುವರಿಸಬೇಕಾಗಿದೆ. ಗುರು ಅಭ್ಯರ್ಥಿಗಳು ಪಾಲನಾ ತರಬೇತಿಯಲ್ಲಿ ಅಭ್ಯಂಗದ ವಿಧಿಯ ಜೊತೆಗೆ ಈ ನಿರ್ದೇಶನಪತ್ರವನ್ನೂ ಅಭ್ಯಸಿಸಲಿ. ಪ್ರತಿ ಧರ್ಮಕೇಂದ್ರವೂ ತನ್ನ ಸೀಮೆಯ ಒಂದು ಆಶ್ರಮದಲ್ಲಿ, ದಿಕ್ಕಿಲ್ಲದ ಒಬ್ಬ ಹಿರಿಯರಿಗಾದರೂ, ಅವರು ಒಪ್ಪಿದರೆ, ಆಪ್ತರೊಬ್ಬರನ್ನು ಒದಗಿಸಲಿ.