ಆಟದಂಗಡಿಯ ಪುಟದಲ್ಲಿ ಕನ್ನಡದ ಅಳತೆ
ಗೂಗಲ್ ಪ್ಲೇಯಲ್ಲಿ ಆಟದ ಹೆಸರಿಗೆ 30, ಕಿರುವಿವರಣೆಗೆ 80 ಕ್ಯಾರೆಕ್ಟರುಗಳ ಮಿತಿಯಿದೆ. ಕ್ಯಾರೆಕ್ಟರು ಕನ್ನಡದ ಅಕ್ಷರವಲ್ಲ. ಸಕಲೇಶಪುರ ತಾಲೂಕಿನ 'ಹೊಂಗಡಹಳ್ಳ'ವನ್ನು ಆಟವೊಂದರ ಹೆಸರೆಂದು ಭಾವಿಸೋಣ: ಓದುವವರಿಗೆ 5 ಅಕ್ಷರ, ಯೂನಿಕೋಡಿನಲ್ಲಿ 9 ಸಂಕೇತ. ಪ್ರತಿ ಒತ್ತಕ್ಷರಕ್ಕೂ ಹೆಚ್ಚುವರಿ ಎರಡು ಸಂಕೇತ ವ್ಯಯವಾಗುವುದರಿಂದ ಸಂಸ್ಕೃತ ಸಮಾಸಗಳು ಇಲ್ಲಿ ದುಬಾರಿ.

ಆದರೆ ದೋಷವೆಲ್ಲ ಮಿತಿಯದಲ್ಲ. ಇಂಗ್ಲಿಷಿನ ಜಾಡಿನಲ್ಲಿ 'ನೀವು ತೋಟವನ್ನು ಉಳಿಸಿರಿ' ಎಂದರೆ ತೆರಪುಗಳೂ ಸೇರಿ 21 ಸಂಕೇತ. 'ತೋಟ ಉಳಿಸಿರಿ' ಎಂದರೆ 11. ಕರ್ತೃವನ್ನು ಕ್ರಿಯಾಪದವೇ ಸೂಚಿಸುತ್ತದೆ. ಅಚೇತನ ಕರ್ಮಕ್ಕೆ ದ್ವಿತೀಯಾ ಪ್ರತ್ಯಯ ಐಚ್ಛಿಕ. ಚಿತ್ರದ ಮೇಲಿನ ಹೆಸರಿಗೂ ಇಂಥದೇ ಎಚ್ಚರ ಬೇಕು: ರೋಮನ್ ದೊಡ್ಡಕ್ಷರಗಳಿಗೆ ಅಳೆದ ಪಟ್ಟಿಯಲ್ಲಿ 'ಳ್ಳ'ದ ಒತ್ತು ಕೆಳಗಿನ ಅಂಚಿಗೆ ತಾಗುತ್ತದೆ. ಆದುದರಿಂದ ವಿವರಣೆಯನ್ನು ಅನುವಾದಿಸುವ ಬದಲು ಕನ್ನಡದಲ್ಲೇ ರಚಿಸುವುದು ಲೇಸು.