ಸಾವಿನ ಮನೆಯಲ್ಲಿ ಹೊರಗಿನವರ ಪಾಲು

ಬ್ರಹ್ಮಾವರದ ಸೈಂಟ್ ಮೇರಿಸ್ ಆರ್ಥೊಡಾಕ್ಸ್ ಸಿರಿಯನ್ ಇಗರ್ಜಿಯ ಮೂಲ ಹುಡುಕಿದರೆ ಅಲ್ವಾರಿಸ್ ಮಾರ್ ಜೂಲಿಯಸ್ ಎಂಬ ಹೆಸರು ಸಿಗುತ್ತದೆ. ಗೋವಾದ ಕಥೋಲಿಕ ಪಾದ್ರಿಯಾಗಿದ್ದವರು, ರೋಮಿನ ಅಧಿಕಾರದೊಡನೆ ಜಗಳವಾಡಿ ಹೊರಬಿದ್ದು 1889ರಲ್ಲಿ ಕೇರಳದ ಆರ್ಥೊಡಾಕ್ಸ್ ಸಭೆಯಲ್ಲಿ ಬಿಷಪ್ ಆದರು. ಬ್ರಹ್ಮಾವರದ ಒಂದಷ್ಟು ಕೊಂಕಣಿ ಕುಟುಂಬಗಳು ಅವರ ಬೆನ್ನಿಗೆ ನಿಂತವು. 1923ರ ಸೆಪ್ಟೆಂಬರ್ 23ರಂದು ಗೋವಾದ ರಿಬಂದರ್ ಆಸ್ಪತ್ರೆಯಲ್ಲಿ ಅವರು ತೀರಿಕೊಂಡಾಗ ಒಂದು ವಿಚಿತ್ರ ಇಕ್ಕಟ್ಟು ಹುಟ್ಟಿತು. ಕಥೋಲಿಕ ಪಾದ್ರಿ ಬೇಡವೆಂದು ಅವರೇ ಹೇಳಿಟ್ಟಿದ್ದರು. ವಿಧಿ ಮಾಡಬೇಕಾದ ಸ್ವಂತ ಸಭೆಯವರು ದೂರದಲ್ಲಿದ್ದರು. ಆದರೂ ಶವಕ್ಕೆ ಜನರ ಕೊರತೆಯಾಗಲಿಲ್ಲ. ಪಣಜಿಯ ಪುರಸಭೆಯ ಭವನದಲ್ಲಿ ದರ್ಶನಕ್ಕೆ ಇಟ್ಟರು. ಅವರಿಂದ ಅನ್ನ, ಔಷಧಿ ಪಡೆದಿದ್ದ ಬಡವರು, ಭಿಕ್ಷುಕರು ಸಾಲುಗಟ್ಟಿ ಬಂದರು. ಸರ್ಕಾರಿ ಅಧಿಕಾರಿಗಳು ಹೂಮಾಲೆ ಇಟ್ಟು ಮಾತಾಡಿದರು. ಸೈಂಟ್ ಇನೆಸ್ ಸ್ಮಶಾನದ ಒಂದು ಮೂಲೆಯಲ್ಲಿ ಯಾವ ಪ್ರಾರ್ಥನೆಯೂ ಇಲ್ಲದೆ ಮಣ್ಣು ಮಾಡಿದರು.

ವಿಧಿ ಪೂರ್ತಿ ಕೈಬಿಟ್ಟಾಗಲೂ ಸಂತಾಪದಲ್ಲಿ ಏನು ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಬೇರೆ ಮತದವರ ಸಾವಿನ ಮನೆಗೆ ಹೋಗುವವನ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ಅಲ್ಲಿನ ವಿಧಿಯಲ್ಲಿ ಅವನಿಗೆ ಪಾಲಿಲ್ಲ. ಸಂಬಂಧಿಕರಿಗೆ ನೂರೆಂಟು ಕೆಲಸ: ಸೌದೆ, ಗುಂಡಿ, ಪುರೋಹಿತರು, ಪಾದ್ರಿ, ಖತೀಬರು, ಯಾರು ಯಾವ ಹೊತ್ತಿಗೆ ಬರುತ್ತಾರೆಂಬ ಲೆಕ್ಕ. ಹೊರಗಿನವನಿಗೆ ತೀರಿಹೋದವರೊಬ್ಬರು, ಉಳಿದವರೊಂದಷ್ಟು ಮಂದಿ, ಅಷ್ಟೆ. ಇದು ಕೊರತೆಯಲ್ಲ, ಅನುಕೂಲ. ನಮ್ಮ ಊರಿನ ರೂಢಿ ಈ ಅನುಕೂಲವನ್ನು ಎಲ್ಲಿ ಚೆನ್ನಾಗಿ ಬಳಸುತ್ತದೆ, ಎಲ್ಲಿ ಹಾಳುಮಾಡುತ್ತದೆ ಎಂದು ನೋಡಬೇಕು.

ಚೆನ್ನಾಗಿರುವುದು ಅಂಗಳದಲ್ಲಿ. ಸೀತಾನದಿಯ ಆಚೀಚೆ ತುಳುವೂ ಕುಂದಾಪ್ರ ಕನ್ನಡವೂ ಬೆರೆಯುವ ಸೀಮೆ ಇದು. ನಡುವೆ ಕೊಂಕಣಿ, ಬ್ಯಾರಿ, ಉರ್ದು. ಶಾಮಿಯಾನದ ಕೆಳಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರು ಯಾರು ಬಂದರೆ ಅವರ ಭಾಷೆಗೆ ಹೊರಳಿಕೊಳ್ಳುತ್ತಾರೆ. ಆಡುವ ಮಾತು ಬಹಳ ಸಾದಾ. "ಮೊನ್ನೆ ಸಂತಿಯಗೆ ಸಿಕ್ಕಿದ್ರಲೆ, ಲಾಯ್ಕ್ ಇದ್ರಲೆ." ಇನ್ನೊಬ್ಬರು, "ಎಂತ ಮಾಡುದ್, ನಮ್ ಕೈಯಗ್ ಇತ್ತಾ?" ಎರಡನೆಯದು ಎಲ್ಲರೂ ಆಡುವ ಮಾತು. ಮೊದಲನೆಯದಕ್ಕೆ ಬೆಲೆ ಹೆಚ್ಚು. ಮನೆಯವರು ಕಾಣದ ಒಬ್ಬ ಅಪ್ಪ, ಒಬ್ಬ ಅಮ್ಮ ಸಂತೆಯಲ್ಲಿ, ಬಸ್ಸಿನಲ್ಲಿ, ಅಕ್ಕಿಮಿಲ್ಲಿನಲ್ಲಿ ಇದ್ದರು. ಆ ಪಾಲು ಇರುವುದು ನೆರೆಯವರ ಹತ್ತಿರ. ಅದನ್ನು ತಂದುಕೊಡುವುದಕ್ಕೆ ಮತ ಅಡ್ಡ ಬರುವುದಿಲ್ಲ.

ಊಟದ ವಿಷಯವೂ ಹಾಗೆಯೇ. ಹಿಂದೂ ಮನೆಗಳಲ್ಲಿ ಹೆಣ ಎತ್ತುವ ತನಕ ಒಲೆ ಹೊತ್ತಿಸುವುದಿಲ್ಲ. ಗಂಜಿ, ಚಹಾ ಪಕ್ಕದ ಮನೆಯಿಂದ ಬರಬೇಕು. ಮುಸ್ಲಿಮರಲ್ಲಂತೂ ಸತ್ತವರ ಮನೆಗೆ ನೆರೆಯವರು ಅಡುಗೆ ಮಾಡಿಕೊಡಬೇಕೆಂಬುದು ಪ್ರವಾದಿಯ ಮಾತಿನಿಂದಲೇ ಬಂದ ರೂಢಿ. ತಮ್ಮ ಬಂಧು ಜಾಫರ್ ತೀರಿಕೊಂಡಾಗ ಅವರ ಮನೆಯವರಿಗೆ ಊಟ ಸಿದ್ಧಮಾಡಿ ಎಂದು ಪ್ರವಾದಿ ಹೇಳಿದ್ದರಂತೆ. ಹೊರಗಿನ ಅಡುಗೆ ಒಲ್ಲದ ಮಡಿಯ ಮನೆಯಾದರೆ ಬಾಳೆಹಣ್ಣು, ಎಳನೀರು ನಡೆಯುತ್ತದೆ. ಆದರೆ ಕ್ರೈಸ್ತರ, ಮುಸ್ಲಿಮರ ಸಾವಿನ ಮನೆಯಲ್ಲಿ ಚಹಾ ಕೊಟ್ಟರೆ "ಸೂತಕ" ಎಂದು ಲೋಟ ತಿರುಗಿಸಿ ಕಳಿಸುವ ಹಿರಿಯರನ್ನೂ ಕಂಡಿದ್ದೇನೆ. ನಮ್ಮ ಸೂತಕವನ್ನು ಸೂತಕವಿಲ್ಲದವರ ಮನೆಗೆ ಹೊತ್ತುಕೊಂಡು ಹೋಗುವುದರಲ್ಲಿ ಏನು ಶಾಸ್ತ್ರವಿದೆಯೋ! ಮನೆಗೆ ಬಂದು ಸ್ನಾನ ಮಾಡಿದರೆ ಸಾಲದೆ?

ಕೆಡುವುದು ಬಾಯಿಯಿಂದ. ಹದಿನಾರರ ಹುಡುಗನನ್ನು ಕಳೆದುಕೊಂಡ ಬ್ಯಾರಿ ತಂದೆಯ ಎದುರು "ನಿಮ್ಮ ಮನೆಯಲ್ಲೇ ಮತ್ತೆ ಹುಟ್ಟಿ ಬರಲಿ" ಎನ್ನುವವರಿದ್ದಾರೆ. ಮುಸ್ಲಿಮರ ನಂಬಿಕೆಯಲ್ಲಿ ಮರುಹುಟ್ಟು ಇಲ್ಲ. ಹೇಳಿದವನಿಗೆ ಸಮಾಧಾನ, ಕೇಳಿದವನಿಗೆ ಏನೂ ಇಲ್ಲ. ದೇವರು ಒಳ್ಳೆಯವರನ್ನು ಬೇಗ ಕರೆದುಕೊಳ್ಳುತ್ತಾನೆಂದು ಬಂಟರ ಮನೆಯ ತಾಯಿಗೆ ಬೋಧಿಸುವ ಕ್ರೈಸ್ತ ಗೆಳತಿಯದೂ ಅದೇ ತಪ್ಪು. ಇನ್ನೊಂದು ಅತಿರೇಕ ವಾಟ್ಸ್ಯಾಪಿನದು. "ಇನ್ನಾ ಲಿಲ್ಲಾಹಿ" ಎಂದು ನಕಲುಮಾಡಿ, ಕೆಳಗೆ ಉರಿಯುವ ದೀಪದ ಚಿತ್ರ ಅಂಟಿಸಿ ಕಳಿಸುವುದು. ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ, ನಿಜ. ಕೆಲವರಿಗೆ ಸಂತೋಷವೂ ಆಗಬಹುದು. ಆದರೆ ತಾನು ಅಲ್ಲಾಹನಿಗೆ ಸೇರಿದವನೆಂದು ಹೇಳುವವನ ಸ್ವಂತ ಒಪ್ಪಿಗೆ ಅದು. ಎರವಲು ತಂದಾಗ ಸಡಿಲವಾಗಿ ಕೇಳಿಸುತ್ತದೆ. ತನ್ನ ದೇವರನ್ನು ಹೇರುವುದು, ಅವರ ದೇವರನ್ನು ಎರವಲು ತರುವುದು, ಈ ಎರಡೂ ತನಗಿಲ್ಲದ ವಿಧಿಪಾತ್ರವೊಂದನ್ನು ತಾನೇ ಕೊಟ್ಟುಕೊಳ್ಳುವ ಆಸೆಯಿಂದ ಬಂದವು. ಇಗರ್ಜಿಯಲ್ಲಿ ಪರಮಪ್ರಸಾದದ ಸಾಲಿಗೆ ಸೇರದೆ ಹಿಂದಿನ ಬೆಂಚಿನಲ್ಲಿ ಕೂತು, ಕೊನೆಗೆ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿ ಬರುವವನಿಗೆ ಈ ತೊಂದರೆಯಿಲ್ಲ. ಜನಾಝಾ ನಮಾಝಿನ ಹೊತ್ತಿಗೆ ಮಸೀದಿಯ ಹೊರಗೆ ನಿಲ್ಲುವವನಿಗೂ ಇಲ್ಲ.

ಹೊತ್ತು ತಿಳಿಯದೆ ಆಗುವ ಎಡವಟ್ಟು ಬೇರೆ. ಮುಸ್ಲಿಮರು ಸಾಧ್ಯವಾದರೆ ಅದೇ ದಿನ ದಫನ ಮಾಡುತ್ತಾರೆ; ಸಂಜೆ ಹೋಗೋಣ ಎಂದುಕೊಂಡವನಿಗೆ ಬರಿ ಕುರ್ಚಿಗಳು ಸಿಗುತ್ತವೆ. ಕ್ರೈಸ್ತರಲ್ಲಿ ಗಲ್ಫಿನ ಮಗನಿಗಾಗಿ ಶವಾಗಾರದಲ್ಲಿ ಕಾಯುವುದುಂಟು. ಗಂಡ ಸತ್ತ ಮುಸ್ಲಿಂ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಇದ್ದತ್‌ನಲ್ಲಿರುತ್ತಾಳೆ. ಹೊರಗಿನ ಗಂಡಸರು ಮಗನ ಕೈಯಲ್ಲಿ ಮಾತು ಹೇಳಿಕಳಿಸಬೇಕು, ಹೆಂಗಸರು ಒಳಗೆ ಹೋಗಿ ಕೂರಬಹುದು. ಇಷ್ಟು ತಿಳಿದುಕೊಳ್ಳಲು ಪಕ್ಕದ ಮನೆಯವರನ್ನು ಒಮ್ಮೆ ಕೇಳಿದರೆ ಸಾಕು.

ಹೆದ್ದಾರಿ ಬದಿಯ ಫ್ಲೆಕ್ಸುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸತ್ತವರ ಫೋಟೋಗಿಂತ ಶ್ರದ್ಧಾಂಜಲಿ ಕೋರುವವರ ಫೋಟೋಗಳೇ ಜಾಸ್ತಿ.

ಹೋಗದೆ ಇರುವುದೂ ಒಂದು ಮಾತು ಎಂಬುದನ್ನು ಕರಾವಳಿ ಕಹಿಯಾಗಿ ಕಲಿತಿದೆ. 2022ರ ಜುಲೈ ಕೊನೆಯ ವಾರಗಳಲ್ಲಿ ದಕ್ಷಿಣ ಕನ್ನಡದಲ್ಲಿ ಒಂದರ ಹಿಂದೊಂದು ಮೂವರು ಯುವಕರ ಕೊಲೆಯಾಯಿತು, ಒಬ್ಬ ಹಿಂದೂ, ಇಬ್ಬರು ಮುಸ್ಲಿಮರು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹಿಂದೂ ಯುವಕನ ಮನೆಗೆ ಹೋಗಿ ಪರಿಹಾರದ ಚೆಕ್ ಕೊಟ್ಟರು. ಉಳಿದೆರಡು ಮನೆಗಳಿಗೆ ಹೋಗಲಿಲ್ಲ. ಮುಂದಿನ ಸರ್ಕಾರ 2023ರಲ್ಲಿ ಆ ಕುಟುಂಬಗಳಿಗೂ ತಲಾ 25 ಲಕ್ಷ ಕೊಟ್ಟಿತು. ಹಣದ ಲೆಕ್ಕ ಸರಿಹೋಯಿತು. ಆದರೆ ಅಂಗಳದಲ್ಲಿ ಖಾಲಿ ಉಳಿದ ಕುರ್ಚಿ ಚೆಕ್ಕಿನಿಂದ ತುಂಬುವಂಥದ್ದಲ್ಲ. ಅಂದಿನಿಂದ ಯಾರ ಮನೆಗೆ ಯಾರು ಹೋದರು ಎಂಬುದನ್ನು ಸ್ಕೋರಿನಂತೆ ಎಣಿಸುವ ಚಾಳಿ ಹಳ್ಳಿಗಳಿಗೂ ಇಳಿದಿದೆ. ಹೋದವನನ್ನೂ ಅನುಮಾನದಿಂದ ನೋಡುತ್ತಾರೆ, ಹೋಗದವನನ್ನೂ.

ಇದರ ನಡುವೆ ನನಗೆ ಹೆಚ್ಚು ಹಿಡಿಸುವುದು ತಡವಾದ ಭೇಟಿ. ಬೊಜ್ಜದ (ಉತ್ತರಕ್ರಿಯೆಯ) ಊಟ ಮುಗಿದು, ತಿಂಗಳ ಪೂಜೆ ಆಗಿ, ಬಂಧುಗಳು ಬಸ್ಸು ಹತ್ತಿದ ಮೇಲೆ ಬರುವವನು. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು, ಆಮೇಲೆ ಪಿಂಚಣಿ, ಬ್ಯಾಂಕಿನ ಪಾಸ್‌ಬುಕ್ಕು, ಪಹಣಿಯ ಹೆಸರು ಬದಲಾವಣೆ. ಮನೆಯವರ ಕೈಕಾಲು ಆಡದ ಹೊತ್ತಿದು; ಅರ್ಜಿ ಬರೆದುಕೊಡುವ, ಪಂಚಾಯತಿಗೆ ಬೈಕಿನಲ್ಲಿ ಕರೆದೊಯ್ಯುವ ಒಬ್ಬ ಬೇಕು. ಯಾವ ಸಂಹಿತೆಯಲ್ಲೂ ಈ ಕೆಲಸ ಮಗನಿಗೋ ಅಳಿಯನಿಗೋ ಮೀಸಲಾಗಿಲ್ಲ. ಬ್ರಹ್ಮಾವರದ ತಾಲೂಕು ಕಚೇರಿಯಲ್ಲಿ ಟೋಕನ್ ಹಿಡಿದು ಕೂತವರಲ್ಲಿ ಬುರ್ಖಾದ ಹೆಂಗಸಿನ ಪಕ್ಕ ಜೆರಾಕ್ಸ್ ಪ್ರತಿ ಜೋಡಿಸುತ್ತಿರುವ ಶೆಟ್ಟರೋ ಪೂಜಾರಿಯೋ ಕಂಡರೆ ಆಶ್ಚರ್ಯಪಡಬೇಕಿಲ್ಲ. ಅವರ ಫೋಟೋ ಯಾವ ಫ್ಲೆಕ್ಸಿನಲ್ಲೂ ಇರುವುದಿಲ್ಲ.