ಗುರುಬಲ ಮುಗಿದ ಮೇಲಿನ ರಸ್ತೆ

ಅಪ್ಪ ರಿಟೈರ್ ಆದ ವರ್ಷ ಒಂದು ಬುಲೆಟ್ ತಗೊಂಡ್ರು. ಮೊದಲ ಸರ್ವೀಸ್ ಮುಗಿಯೋ ಹೊತ್ತಿಗೆ ಊಟದ ಮಧ್ಯೆ, ಉಪ್ಪಿನಕಾಯಿ ಕೇಳೋ ಧಾಟಿಯಲ್ಲಿ, "ಲೇಹ್‌ಗೆ ಹೋಗ್ಬೇಕು ಅಂತಿದೀನಿ" ಅಂದ್ರು. "ಈ ವಯಸ್ಸಲ್ಲಾ?" ಅಂದೆ. ಅಮ್ಮ ನನ್ನ ಕಡೆ ನೋಡಿದ್ರು, ಅಪ್ಪ ಸಾರು ಹಾಕ್ಕೊಂಡ್ರು. ಅಲ್ಲಿಗೆ ಮಾತು ನಿಂತಿತು.

ರಾತ್ರಿ ರೂಮಿಗೆ ಬಂದರೆ ಶೆಲ್ಫಿನಲ್ಲಿ ಟೆಡ್ ಸೈಮನ್. 'ಜೂಪಿಟರ್ಸ್ ಟ್ರಾವೆಲ್ಸ್'. ಪಿಜಿಯಲ್ಲಿದ್ದಾಗ ಎರಡು ರಾತ್ರಿಯಲ್ಲಿ ಓದಿ ಮುಗಿಸಿ, ಮೂರನೇ ದಿನ ಕೆಲಸ ಬಿಡ್ತೀನಿ ಅಂತ ಮ್ಯಾನೇಜರ್‌ಗೆ ಮೇಲ್ ಬರೆದು ಕಳಿಸದೇ ಉಳಿಸಿಕೊಂಡ ಪುಸ್ತಕ. ಬೈಕ್ ಹುಚ್ಚಿರೋ ಪ್ರತಿಯೊಬ್ಬರ ಹತ್ತಿರವೂ ಈ ಪುಸ್ತಕದ ಬಗ್ಗೆ ಇಂಥದ್ದೊಂದು ಕಥೆ ಇರುತ್ತೆ. ಅದರ ಪಕ್ಕದಲ್ಲೇ ಅದೇ ಲೇಖಕನ 'ಡ್ರೀಮಿಂಗ್ ಆಫ್ ಜೂಪಿಟರ್' ಇತ್ತು. ಅದು ಯಾರ ಕಥೆಯಲ್ಲೂ ಬರೋಲ್ಲ. ನಾನೂ ನಲವತ್ತು ಪುಟ ಓದಿ, ಮುದುಕ ಗೊಣಗ್ತಿದಾನೆ ಅಂತ ಮುಚ್ಚಿಟ್ಟಿದ್ದೆ. ಅವತ್ತು ರಾತ್ರಿ ಮತ್ತೆ ತೆಗೆದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಸೈಮನ್ ಲಂಡನ್ನಿನಲ್ಲಿ ಬೆಳೆದ ಪತ್ರಕರ್ತ. (ಏಕವಚನದಲ್ಲಿ ಬರೀತಿದೀನಿ, ಓದಿ ಓದಿ ಸಲಿಗೆ ಬೆಳೆದಿದೆ.) 1973ರ ಅಕ್ಟೋಬರ್ 6ರಂದು 500 ಸಿಸಿಯ ಟ್ರಯಂಫ್ ಹತ್ತಿ ಹೊರಟ. ಅದಕ್ಕೂ ಸ್ವಲ್ಪ ಮುಂಚಿನವರೆಗೆ ಅವನಿಗೆ ಬೈಕ್ ಓಡಿಸೋಕೇ ಬರ್ತಿರಲಿಲ್ಲ, ಈ ಪ್ರಯಾಣಕ್ಕಂತಲೇ ಕಲಿತದ್ದು. ನಾಲ್ಕು ವರ್ಷ, 45 ದೇಶ, ಸುಮಾರು ಒಂದು ಲಕ್ಷ ಕಿಲೋಮೀಟರ್. ಪುಸ್ತಕ ಬಂದದ್ದು 1979ರಲ್ಲಿ. ಆಮೇಲೆ 2001ರ ಜನವರಿಯಲ್ಲಿ, 69ನೇ ವಯಸ್ಸಿನಲ್ಲಿ, ಬಿಎಂಡಬ್ಲ್ಯೂ ಆರ್80ಜಿಎಸ್ ಏರಿ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಇನ್ನೊಂದು ಸಲ ಜಗತ್ತು ಸುತ್ತಿ ಬಂದ. ಎರಡೂವರೆ ವರ್ಷ ಹಿಡಿಯಿತು.

ಹೆಸರಿನ ಕಥೆ ನಮಗೆ ಸಂಬಂಧಪಟ್ಟದ್ದು. ಮೊದಲ ಸಲ ಭಾರತಕ್ಕೆ ಬಂದಾಗ ಒಂದು ಮದುವೆಮನೆಯಲ್ಲಿ ಭವಿಷ್ಯ ಹೇಳುವವನೊಬ್ಬ ಇವನನ್ನ ನೋಡಿ, ನೀನು ಜೂಪಿಟರ್ ಅಂದನಂತೆ. ಇಂಗ್ಲಿಷ್ ಓದುಗರಿಗೆ ಜೂಪಿಟರ್ ಅಂದ್ರೆ ರೋಮನ್ನರ ಸಿಡಿಲಿನ ದೇವರು. ನಮಗೆ ಗುರು. ಗುರುಬಲ ಬಂದ್ರೆ ಮದುವೆ ಆಗುತ್ತೆ, ಸೈಟು ಕೂಡಿ ಬರುತ್ತೆ, ಗೊತ್ತಿಲ್ಲದವರು ಮನೆಗೆ ಕರೆದು ಊಟ ಹಾಕ್ತಾರೆ. ಮೊದಲ ಪುಸ್ತಕ ನಿಜಕ್ಕೂ ಹಾಗೇ ಇದೆ. ಸುಡಾನಿನಲ್ಲಿ ಅಟ್ಬಾರಾದಿಂದ ಕಸ್ಸಾಲಾವರೆಗಿನ ಮರಳಿನಲ್ಲಿ ಬೀಳ್ತಾನೆ, ಏಳ್ತಾನೆ, ಮತ್ತೆ ಬೀಳ್ತಾನೆ, ಅಷ್ಟರಲ್ಲಿ ಯಾರಾದ್ರೂ ಟೀ ಕೊಡ್ತಾರೆ. ಸರ್ವಾಧಿಕಾರದ ಕಾಲದ ಬ್ರೆಜಿಲ್‌ನಲ್ಲಿ ಪೊಲೀಸರು ಹಿಡಿದು ಒಳಗೆ ಹಾಕ್ತಾರೆ, ಅಲ್ಲಿಂದಲೂ ಹೊರಗೆ ಬರ್ತಾನೆ. ಏನೇ ಅಡ್ಡಿ ಬಂದರೂ ಅದು ಕಥೆಯ ಪರವಾಗೇ ಕೆಲಸ ಮಾಡುತ್ತೆ.

ಮೊದಲ ಬಾರಿ ಹೊರಟ ದಿನದಿಂದ ಎರಡನೇ ಬಾರಿ ಮುಗಿಸಿದ ದಿನದವರೆಗೆ ಲೆಕ್ಕ ಹಾಕಿದ್ರೆ ಹತ್ತಿರಹತ್ತಿರ ಮೂವತ್ತು ವರ್ಷ. ಸೂರ್ಯನ ಸುತ್ತ ಒಂದು ಸುತ್ತು ಬರೋಕೆ ಶನಿಗೆ ಬೇಕಾಗೋದೂ ಅಷ್ಟೇ. ನನಗೆ ಜಾತಕದಲ್ಲಿ ನಂಬಿಕೆ ಇಲ್ಲ, ಆದರೂ ಎರಡನೇ ಪುಸ್ತಕಕ್ಕೆ ಹೆಸರಿಡೋ ಅವಕಾಶ ಸಿಕ್ಕಿದ್ದಿದ್ರೆ ಆ ಗ್ರಹದ್ದೇ ಇಡ್ತಿದ್ದೆ.

ಯಾಕಂದ್ರೆ ಇಲ್ಲಿ ಏನೂ ಕೂಡಿ ಬರೋಲ್ಲ. ಕೀನ್ಯಾದಲ್ಲಿ ಬಿದ್ದು ಕಾಲು ಮುರಿದುಕೊಳ್ತಾನೆ. ಹುಡುಕಿಕೊಂಡು ಹೋದ ಹಳೇ ಜಾಗಗಳಲ್ಲಿ ಹಲವು ಗುರುತೇ ಸಿಗದಷ್ಟು ಬದಲಾಗಿವೆ. ಎಲ್ಲ ಕಡೆ ಜನ, ಲಾರಿ, ಹೊಗೆ. ದೂರಿನಲ್ಲಿ ಸುಳ್ಳಿಲ್ಲ: ಮೊದಲ ಸಲ ಹೊರಟಾಗ ಜಗತ್ತಿನ ಜನಸಂಖ್ಯೆ 400 ಕೋಟಿಯ ಒಳಗಿತ್ತು, ಎರಡನೇ ಸಲಕ್ಕೆ 600 ಕೋಟಿ ದಾಟಿತ್ತು. ಪುಸ್ತಕದ ಉದ್ದಕ್ಕೂ ಆಗ ಹಾಗಿತ್ತು, ಈಗ ಹೀಗಾಗಿದೆ ಅನ್ನೋ ತಕ್ಕಡಿ ತೂಗ್ತಾನೇ ಇರುತ್ತೆ. ಪುಸ್ತಕದ ನಿಜವಾದ ದೋಷ ಇದೇ. ಎದುರಿಗೆ ಬೆಟ್ಟ ಇದ್ದರೂ ನಮಗೆ ಅದು ಪೂರ್ತಿ ಕಾಣೋಲ್ಲ, ನೆನಪಿನ ಬೆಟ್ಟ ಅಡ್ಡ ನಿಂತಿರುತ್ತೆ.

ಈ ತಕ್ಕಡಿಯ ಮೇಲೆ ನನಗೆ ಸಿಟ್ಟಿದೆ, ಅದನ್ನ ಹೇಳಿಯೇ ಮುಂದೆ ಹೋಗ್ತೀನಿ. ನಮ್ಮ ಬೈಕರ್‌ಗಳಲ್ಲೂ ಈ ರಾಗ ಇದೆ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ಲೇಹ್‌ಗೆ ಹೋಗೋರಿಗೆ ರೋಹ್ತಾಂಗ್ ಹತ್ತೋ ಅಗತ್ಯ ಉಳಿದಿಲ್ಲ. ಒಂಬತ್ತು ಕಿಲೋಮೀಟರ್ ಸುರಂಗ, ಹತ್ತಿಪ್ಪತ್ತು ನಿಮಿಷ, ಅಷ್ಟೇ. "ಥ್ರಿಲ್ಲೇ ಹೋಯ್ತು ಮಚ್ಚಾ" ಅಂತ ಗೋಳಾಡಿದವರನ್ನ ನಾನೇ ಕೇಳಿದೀನಿ. ಆದರೆ ಅದರ ಆಚೆ ಲಾಹುಲ್ ಅಂತ ಒಂದು ಕಣಿವೆ ಇದೆ. ಪ್ರತಿ ಚಳಿಗಾಲದಲ್ಲೂ ರೋಹ್ತಾಂಗ್‌ನ ಹಿಮ ಆ ಕಣಿವೆಯನ್ನ ತಿಂಗಳುಗಟ್ಟಲೆ ಕತ್ತರಿಸಿ ಹಾಕ್ತಿತ್ತು. ಹೆರಿಗೆ ನೋವು ಬಂದವಳಿಗೆ, ಎದೆನೋವು ಬಂದ ಅಜ್ಜನಿಗೆ ಆ ಥ್ರಿಲ್ಲು ಏನಾಗಿತ್ತು ಅಂತ ಊಹಿಸೋದು ಕಷ್ಟ ಇಲ್ಲ. ಡಾಂಬರು ಬಂದು ಮರುಭೂಮಿ ಕೆಟ್ಟಿತು ಅನ್ನೋದು ಹಾದು ಹೋಗುವವನ ದುಃಖ. ಸೈಮನ್‌ಗೆ ಈ ವ್ಯತ್ಯಾಸ ಗೊತ್ತಿಲ್ಲದೇ ಇಲ್ಲ, ಒಳ್ಳೇ ಪತ್ರಕರ್ತ ಅವನು. ಆದರೆ ಗೊತ್ತಿದ್ದೂ ಮರೀತಾನೆ. ಜೊತೆಗೆ ಆ ದಾರಿಗಳಿಗೆ ಬೈಕಿನವರ ದಂಡು ಕಳಿಸಿದವರ ಪಟ್ಟಿಯಲ್ಲಿ ಅವನ ಮೊದಲ ಪುಸ್ತಕವೂ ಇದೆ. 2004ರ 'ಲಾಂಗ್ ವೇ ರೌಂಡ್' ಟಿವಿ ಸರಣಿಯಲ್ಲಿ ಇವಾನ್ ಮೆಕ್‌ಗ್ರೆಗರ್, ಚಾರ್ಲಿ ಬೂರ್ಮನ್ ಇಬ್ಬರೂ ಮಂಗೋಲಿಯಾದಲ್ಲಿ ಇವನನ್ನ ಜೊತೆ ಮಾಡಿಕೊಂಡದ್ದು ಸುಮ್ಮನೆ ಅಲ್ಲ.

ಇಷ್ಟು ಬೈದಮೇಲೂ ನಾನು ಹೇಳೋದು, ಎರಡರಲ್ಲಿ ಹೆಚ್ಚು ಪ್ರಾಮಾಣಿಕವಾದದ್ದು ಎರಡನೆಯದೇ.

ನಮ್ಮ ಬೈಕ್ ಸಾಹಿತ್ಯದಲ್ಲಿ, ಅದನ್ನ ಸಾಹಿತ್ಯ ಅನ್ನಬಹುದಾದರೆ, ಒಂದು ದೊಡ್ಡ ಮರೆಮಾಚುವಿಕೆ ಇದೆ. ದೇಹ. ಡ್ರೋನ್ ಶಾಟ್‌ನಲ್ಲಿ ಪಾಂಗಾಂಗ್ ನೀಲಿಯಾಗಿರುತ್ತೆ, ಬೈಕು ಇರುವೆಯಷ್ಟು ಕಾಣುತ್ತೆ, ಅದರ ಮೇಲಿರುವವನಿಗೆ ಮೂತ್ರಕ್ಕೆ ಅವಸರ ಆಗಿದೆ ಅಂತ ಯಾರೂ ಹೇಳೋಲ್ಲ. ಖರ್ದುಂಗ್ ಲಾದ ಹಳೇ ಬೋರ್ಡು 18,380 ಅಡಿ ಅನ್ನುತ್ತಿತ್ತು, ಸರಿಯಾದ ಅಳತೆ 17,582 ಅಡಿ. ಫೋಟೋ ಮಾತ್ರ ಬೋರ್ಡಿನ ಜೊತೆಗೇ. ಆ ಎತ್ತರದಲ್ಲಿ ಒಂದು ಉಸಿರಿಗೆ ಸಿಗೋ ಆಮ್ಲಜನಕ ಬೆಂಗಳೂರಿನದಕ್ಕಿಂತ ಎಷ್ಟೋ ಕಮ್ಮಿ. ಎತ್ತರದ ಕಾಯಿಲೆ ಗಟ್ಟಿಮುಟ್ಟಾದ ಇಪ್ಪತ್ತೈದರವನನ್ನೂ ಮಲಗಿಸಿಬಿಡುತ್ತೆ, ವಯಸ್ಸು ಕೇಳಿ ಬರೋಲ್ಲ. ಮರುಭೂಮಿ ಮಾತ್ರ ಕೇಳುತ್ತೆ. ವಯಸ್ಸಾದಂತೆ ಬಾಯಾರಿಕೆ ಮಂದವಾಗುತ್ತೆ. ಒಳಗೆ ನೀರು ಕಮ್ಮಿಯಾದರೂ ಕುಡೀಬೇಕು ಅನ್ನಿಸೋಲ್ಲ.

ಎರಡನೇ ಪುಸ್ತಕದಲ್ಲಿ ಆ ದೇಹ ಪುಟಕ್ಕೆ ಬರುತ್ತೆ. ಮರಳು, ಜಲ್ಲಿ, ಬೆಟ್ಟದ ತಿರುವು, ಇವೆಲ್ಲ ನೋಡೋ ವಸ್ತುಗಳಾಗಿ ಉಳಿಯದೆ ಮೊಣಕಾಲಿಗೆ ತಗಲುವ ವಸ್ತುಗಳಾಗುತ್ತವೆ. ಬಿದ್ದ ಗಾಡಿ ಎತ್ತೋಕಾಗುತ್ತಾ ಅನ್ನೋದು ಇಲ್ಲಿ ನಿಜವಾದ ಪ್ರಶ್ನೆ. ಈ ಬಿಎಂಡಬ್ಲ್ಯೂ ಹಳೇ ಟ್ರಯಂಫ್‌ಗಿಂತ ಭಾರ ಬೇರೆ. ಕಾಲು ಮುರಿದಾಗ ಅವನು ಮನೆಗೆ ಹೋಗಿಬಿಟ್ಟಿದ್ದರೆ ಯಾರೂ ಆಡಿಕೊಳ್ತಿರಲಿಲ್ಲ. ಕಾಯ್ತಾನೆ, ವಾಸಿಯಾಗುತ್ತೆ, ಮತ್ತೆ ಹೊರಡ್ತಾನೆ. ಇದನ್ನ ವೀರಗಾಥೆ ಮಾಡದೆ ಬರೆದಿದ್ದಾನೆ ಅನ್ನೋದು ನನಗೆ ಹಿಡಿಸಿತು.

ಕನ್ನಡದಲ್ಲಿ ಇದಕ್ಕೆ ಹತ್ತಿರದ್ದು ಯಾವುದು ಅಂತ ಯೋಚಿಸಿದರೆ ನೆನಪಾಗಿದ್ದು 'ಅಮೆರಿಕದಲ್ಲಿ ಗೊರೂರು'. ಗೊರೂರರು ಅದನ್ನ ಬರೆದದ್ದು ಎಪ್ಪತ್ತು ದಾಟಿದ ಮೇಲೆ. ಬೈಕಿಲ್ಲ, ಮರುಭೂಮಿಯ ಸಾಹಸ ಇಲ್ಲ ಬಿಡಿ. ಆದರೆ ಆ ವಯಸ್ಸನ್ನ ಜೇಬಲ್ಲಿಟ್ಟುಕೊಂಡೇ ಊರು ನೋಡೋ ಖುಷಿ ಇದೆ. ಅವರಿಗೆ ಅಮೆರಿಕ ಮೊದಲ ಸಲ, ಹೋಲಿಸೋಕೆ ಹಳೇ ಅಮೆರಿಕ ಇರಲಿಲ್ಲ. ಸೈಮನ್‌ಗೆ ಆ ಭಾಗ್ಯ ಇಲ್ಲ. ಹೊಸ ದಾರಿ ಹಿಡಿದಿದ್ದರೆ ಅವನ ಎರಡನೇ ಪುಸ್ತಕ ಬಹುಶಃ ಮೊದಲನೆಯದಕ್ಕಿಂತ ದೊಡ್ಡದಾಗುತ್ತಿತ್ತು. ಇದು ನನ್ನ ಅನುಮಾನ ಅಷ್ಟೇ.

ಈ ಸಲದ ಓದಿನಲ್ಲಿ ಇನ್ನೊಂದು ಲೆಕ್ಕವೂ ಹೊಳೆಯಿತು. ಸೈಮನ್ ಹುಟ್ಟಿದ್ದು 1931ರಲ್ಲಿ. ಅಂದರೆ ನಾವೆಲ್ಲ ಯೌವನದ ಪುಸ್ತಕ ಅಂತ ತಲೆದಿಂಬಿನ ಕೆಳಗಿಟ್ಟುಕೊಂಡ ಆ ಮೊದಲ ಪ್ರಯಾಣಕ್ಕೆ ಹೊರಟಾಗ ಅವನಿಗೆ 42. ನನ್ನ ಟೀಮಿನಲ್ಲಿ ಆ ವಯಸ್ಸಿನವರನ್ನ ಅಂಕಲ್ ಅಂತಾರೆ. 45ಕ್ಕೆ ರಿಟೈರ್ ಆಗಿ ಆಮೇಲೆ ರೈಡ್ ಹೊರಡೋ ಎಕ್ಸೆಲ್ ಶೀಟು ನನ್ನ ಹತ್ತಿರವೂ ಇದೆ. ಅದರಲ್ಲಿ ಎಸ್‌ಐಪಿಗೆ ಕಾಲಂ ಇದೆ, ಮೆಡಿಕ್ಲೇಮ್‌ಗೆ ಇದೆ. ಮೊಣಕಾಲಿಗೆ ಇರಲಿಲ್ಲ.

ಭಾನುವಾರ ಅಪ್ಪನಿಗೆ ಪುಸ್ತಕ ಕೊಟ್ಟೆ. ಮೊದಲನೆಯದನ್ನ ತಿರುಗಿಸಿ ನೋಡಿ ವಾಪಸ್ ಇಟ್ಟರು. "ಇವನು ಹುಡುಗ" ಅಂದ್ರು. ಎರಡನೆಯದನ್ನ ತಗೊಂಡು ಹೋದರು. ಮೊನ್ನೆ ಆಫೀಸಿನ ಹೊತ್ತಿಗೆ ಫೋನ್ ಬಂತು, ಕಾಲು ಮುರಿಯೋ ಜಾಗಕ್ಕೆ ಬಂದಿದ್ದಾರೆ. ಇನ್ನೇನು ಲೇಹ್ ವಿಷಯ ಕೈಬಿಟ್ಟೆ ಅಂತಾರೆ ಅಂದುಕೊಂಡೆ.

"ಗಾಡಿಗೆ ಏನೂ ಆಗಿಲ್ಲ ತಾನೇ?" ಅಂದ್ರು.